ಗಿಟಾರ್ ಇಲ್ಲದ ರಾಕ್ ತಂಡ: ದಾವಣಗೆರೆಯ ಒಂದು ಪ್ರಕರಣ

ಈ ತಂಡಕ್ಕೆ ನಾನು ಸೌಂಡ್ ಮಾಡುತ್ತೇನೆ. ಮಿಕ್ಸರ್ ಹಿಂದೆ ಕೂತವನಿಗೆ ವೇದಿಕೆ ಮೇಲಿನ ಹಾಡೂ ಕೇಳಿಸುತ್ತದೆ, ವೇದಿಕೆ ಹಿಂದಿನ ಜಗಳವೂ ಕೇಳಿಸುತ್ತದೆ. ಅದನ್ನೆಲ್ಲ ಬರೆಯಲಾ ಅಂತ ಐವರನ್ನೂ ಕೇಳಿದೆ. ನಮ್ಮ ಹೆಸರು ಬೇಡ, ತಂಡದ ಹೆಸರೂ ಬೇಡ, ಉಳಿದದ್ದು ಬರೀರಿ ಅಂದರು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ವಾದ್ಯಗಳನ್ನು ಮಾತ್ರ ಮುಟ್ಟಿಲ್ಲ. ತೊಡಕು ಶುರುವಾಗಿದ್ದೂ ಅವುಗಳಿಂದ, ಬಿಡಿಸಿಕೊಂಡದ್ದೂ ಅವುಗಳಿಂದ.

ಹಿನ್ನೆಲೆ

ದಾವಣಗೆರೆಯಲ್ಲಿ ರಾಕ್ ತಂಡ ಕಟ್ಟುವವರು ಹೆಚ್ಚಾಗಿ ಕಾಲೇಜು ಹುಡುಗರು. ಎರಡನೇ ವರ್ಷ ತಂಡ ಶುರು, ಮೂರನೇ ವರ್ಷ ಫೆಸ್ಟ್‌ಗಳಲ್ಲಿ ಹೆಸರು, ಕೊನೇ ವರ್ಷ ಮುಗಿದ ಮೇಲೆ ಬೆಂಗಳೂರಿನ ರೈಲು. ಅಲ್ಲಿಗೆ ತಂಡವೂ ಮುಗಿಯಿತು. ಇವರದ್ದೂ ಹಾಗೇ ಆಗಬೇಕಿತ್ತು. ಗಿಟಾರ್ ಹುಡುಗನಿಗೆ ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ಕಿತು, ಹೋದ. ಉಳಿದವರು ಇಬ್ಬರೇ: ಬೇಸ್ ಗಿಟಾರ್ ನುಡಿಸುತ್ತಾ ಹಾಡುವ ಹುಡುಗಿ, ಡ್ರಮ್ಸ್ ಹುಡುಗ. ಒಪ್ಪಿಕೊಂಡಿದ್ದ ಒಂದು ಕಾರ್ಯಕ್ರಮ ಬಾಕಿ ಇತ್ತು. ಅಡ್ವಾನ್ಸ್ ಖರ್ಚಾಗಿ ಹೋಗಿತ್ತು.

ಹುಡುಗಿಯ ಸೋದರಮಾವನ ಮಗ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಇವರಿಬ್ಬರ ಅಜ್ಜ ನಾಟಕ ಕಂಪನಿಯಲ್ಲಿ ಪೆಟ್ಟಿಗೆ ಮಾಸ್ತರರಾಗಿದ್ದವರು, ಅಂದರೆ ಹಾರ್ಮೋನಿಯಂ ನುಡಿಸುವವರು. ಕೆಬಿಆರ್ ಡ್ರಾಮಾ ಕಂಪನಿಯಂಥ ಕಂಪನಿಗಳನ್ನು ಸಾಕಿದ ಊರು ಇದು. ಹಳೇ ಮನೆಗಳಲ್ಲಿ ಹುಡುಕಿದರೆ ಬಣ್ಣದ ಪರದೆಯೋ, ಕಟ್ಟಿಗೆ ಕಿರೀಟವೋ, ಹಾರ್ಮೋನಿಯಮ್ಮೋ ಇನ್ನೂ ಸಿಗುತ್ತದೆ. ಅಜ್ಜ ಬಿಟ್ಟುಹೋದದ್ದು ಲೆಗ್ ಹಾರ್ಮೋನಿಯಂ. ಭಜನೆಯಲ್ಲಿ ಕಾಣುವ ಕೈ ಹಾರ್ಮೋನಿಯಂಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದರಲ್ಲಿ ಒಂದು ಕೈ ತಿದಿಗೆ ಹೋಗುತ್ತದೆ. ಇದರಲ್ಲಿ ತಿದಿ ಒತ್ತುವುದು ಕಾಲು. ಎರಡೂ ಕೈ ಖಾಲಿ. ಎಡಗೈಯಲ್ಲಿ ಒಂದು ರಿಫ್, ಅಂದರೆ ಮತ್ತೆ ಮತ್ತೆ ಬರುವ ಸಣ್ಣ ಸ್ವರಸಾಲು, ಹಿಡಿದುಕೊಂಡು ಬಲಗೈಯಲ್ಲಿ ಬೇರೆ ಏನಾದರೂ ಮಾಡಬಹುದು. ಅಂಗಡಿ ಲೆಕ್ಕದ ಹುಡುಗನಿಗೆ ಅಜ್ಜ ಅಷ್ಟಿಷ್ಟು ಕಲಿಸಿದ್ದರು. ಗಿಟಾರ್ ಜಾಗಕ್ಕೆ ಅವನು ಬಂದು ಕೂತ.

ಮಾಸ್ಟ್ರು ಬಂದದ್ದು ಇನ್ನೂ ತಮಾಷೆ. ತಂಡ ಅಭ್ಯಾಸ ಮಾಡುತ್ತಿದ್ದ ತಗಡಿನ ಶೆಡ್ ಪಕ್ಕದಲ್ಲೇ ಒಂದು ಮದುವೆ ಬ್ಯಾಂಡ್‌ಸೆಟ್‌ನವರ ಗೋಡೌನ್ ಇತ್ತು. ಆಷಾಢ ಮಾಸ, ಮದುವೆ ಇಲ್ಲ, ಕೆಲಸ ಇಲ್ಲ. ಕ್ಲಾರಿಯೋನೆಟ್ ನುಡಿಸುವ ಐವತ್ತರ ಆಸುಪಾಸಿನ ಮಾಸ್ಟ್ರು ಬಾಗಿಲಲ್ಲಿ ನಿಂತು ಅರ್ಧ ಗಂಟೆ ಕೇಳಿದರು. ಒಳಗೆ ಹೋಗಿ ಕ್ಲಾರಿಯೋನೆಟ್ ತಂದರು. ಯಾರನ್ನೂ ಕೇಳದೆ ನುಡಿಸತೊಡಗಿದರು. ಐದನೆಯವನು ಉರುಮೆ ಅಣ್ಣ. ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವನು, ಇಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಡ್ರಮ್ ಸೆಟ್ ಸಾಗಿಸಲು ಬಂದವನು, ಇಳಿಸಿದ ಮೇಲೆ ಹೋಗಲೇ ಇಲ್ಲ. ಆ ಕಡೆ ದೇವರ ಮೆರವಣಿಗೆಯಲ್ಲಿ ಉರುಮೆ ಕೇಳಿದವರಿಗೆ ಅದರ ಸದ್ದು ಗೊತ್ತು. ಒಂದು ಮುಖಕ್ಕೆ ಬಡಿತ, ಇನ್ನೊಂದು ಮುಖಕ್ಕೆ ಬಾಗಿದ ಕೋಲಿನಿಂದ ಉಜ್ಜುವುದು. ಉಜ್ಜಿದಾಗ ಹೊರಡುವ ಗುರ್ರ್ ಅನ್ನುವ ನಾದ ಯಾವ ಗಿಟಾರ್ ಪೆಡಲ್‌ನಿಂದಲೂ ಬರುವುದಿಲ್ಲ.

ಹೀಗೆ ಲೆಗ್ ಹಾರ್ಮೋನಿಯಂ, ಕ್ಲಾರಿಯೋನೆಟ್, ಉರುಮೆ, ಬೇಸ್, ಡ್ರಮ್ಸ್ ಒಟ್ಟಾದವು. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಗಿಟಾರ್ ಇಲ್ಲದ ರಾಕ್ ಏನೂ ಹೊಸದಲ್ಲ ಬಿಡಿ. ಬಾಸ್ಟನ್‌ನ ಮಾರ್ಫೀನ್ ತಂಡ ಎರಡು ತಂತಿಯ ಬೇಸ್, ಬ್ಯಾರಿಟೋನ್ ಸ್ಯಾಕ್ಸೋಫೋನ್, ಡ್ರಮ್ಸ್ ಇಷ್ಟರಲ್ಲೇ ಹೆಸರು ಮಾಡಿತು. ಫಿನ್ಲೆಂಡ್‌ನ ಅಪೋಕ್ಯಾಲಿಪ್ಟಿಕಾ 1993ರಲ್ಲಿ ನಾಲ್ಕು ಚೆಲ್ಲೋ ಇಟ್ಟುಕೊಂಡು ಶುರುವಾಯಿತು. ಆದರೆ ಅವರಿಗೆಲ್ಲ ಆ ವಾದ್ಯದ ಸೌಂಡ್ ಗೊತ್ತಿದ್ದವರು ಸುತ್ತ ಇದ್ದರು. ಇಲ್ಲಿ ಇದ್ದದ್ದು ನಾನು. ಅದುವರೆಗೆ ಹಾರ್ಮೋನಿಯಂಗೆ ನಾನು ಮೈಕ್ ಇಟ್ಟದ್ದು ಭಜನೆಗೆ ಮಾತ್ರ.

ತೊಡಕು

ಮೊದಲ ಕಾರ್ಯಕ್ರಮ ಶ್ರಾವಣದಲ್ಲಿ, ಒಂದು ಕಾಲೇಜಿನ ಒಳಾಂಗಣದಲ್ಲಿ ನಡೆಯಿತು. ಚೆನ್ನಾಗೇ ಆಯಿತು. ಹುಡುಗರು ಕುಣಿದರು, ಫೋನ್‌ನಲ್ಲಿ ಹಿಡಿದ ವಿಡಿಯೋ ಓಡಾಡಿತು. ಅದರ ಬೆನ್ನಿಗೇ ವಿಚಾರಿಸುವವರೂ ಶುರುವಾದರು. ಫೆಸ್ಟ್ ನಡೆಸುವವರು, "ರಾಕ್ ಅಂತೀರಿ, ಗಿಟಾರ್ ಎಲ್ಲೈತಿ?" ಅನ್ನುತ್ತಿದ್ದರು. ಜಾನಪದ ಉತ್ಸವದವರು, "ಉರುಮೆ ಐತಿ, ಭಾಳ ಛಲೋ. ಆ ಡ್ರಮ್ಸ್ ಒಂದು ತೆಗೀರಿ" ಅನ್ನುತ್ತಿದ್ದರು. ಗಣಪತಿ ಪೆಂಡಾಲ್‌ನವರಿಗೆ ರಸಮಂಜರಿ ಬೇಕು, ಸಿನಿಮಾ ಹಾಡು ಬೇಕು.

ಐವರೂ ಇದನ್ನೇ ತಮ್ಮ ಸಮಸ್ಯೆ ಅಂದುಕೊಂಡಿದ್ದರು. ಜನ ನಮ್ಮನ್ನು ಯಾವ ಗೂಡಿಗೂ ಹಾಕುತ್ತಿಲ್ಲ ಅನ್ನುವ ಬೇಜಾರು. ನನಗೆ ಹಿಂದೆ ಕೂತು ಕಾಣುತ್ತಿದ್ದದ್ದು ಬೇರೆ. ಹಾರ್ಮೋನಿಯಂ ಮತ್ತು ಕ್ಲಾರಿಯೋನೆಟ್ ಶ್ರುತಿ ಕೂಡುತ್ತಿರಲಿಲ್ಲ. ಸಾಮಾನ್ಯ ಕಿವಿಗೆ ಅದು ತಪ್ಪು ಅಂತ ಗೊತ್ತಾಗುವುದಿಲ್ಲ, ಸುಮ್ನೆ ಏನೋ ಕಸಿವಿಸಿ ಆಗುತ್ತದೆ. ಜನ "ಗಿಟಾರ್ ಇದ್ದಿದ್ರೆ ಚೆನ್ನಾಗಿತ್ತು" ಅಂದಾಗ ಅರ್ಧ ಸಲ ಅವರು ಹೇಳುತ್ತಿದ್ದದ್ದು ಈ ಕಸಿವಿಸಿಯನ್ನೇ.

ಟ್ಯೂನರ್ ಆ್ಯಪ್ ಹಿಡಿದು ನೋಡಿದೆವು. ಇವತ್ತಿನ ವಾದ್ಯಗಳ ಎ ಸ್ವರ ಸಾಮಾನ್ಯವಾಗಿ 440 ಹರ್ಟ್ಸ್‌ಗೆ ಇರುತ್ತದೆ, ಒಂದೆರಡು ಮೇಲೆ ಕೆಳಗೆ. ಅಜ್ಜನ ಪೆಟ್ಟಿಗೆ 446 ತೋರಿಸಿತು. ಅಂದರೆ ಅರ್ಧ ಸ್ವರದ ಕಾಲು ಭಾಗದಷ್ಟು ಮೇಲೆ. ಬೇಸ್ ಗಿಟಾರ್‌ಗೆ ತೊಂದರೆ ಇಲ್ಲ, ತಂತಿ ಬಿಗಿಸುವ ಕಿವಿ ತಿರುಗಿಸಿದರೆ ಮುಗಿಯಿತು. ಕ್ಲಾರಿಯೋನೆಟ್‌ಗೆ ಹಾಗಲ್ಲ. ಅದರ ತುಂಡುಗಳನ್ನು ಸ್ವಲ್ಪ ಹೊರಗೆ ಎಳೆದರೆ ಶ್ರುತಿ ಇಳಿಯುತ್ತದೆ. ಪೂರ್ತಿ ಒಳಗೆ ತಳ್ಳಿದ ಮೇಲೆ ಏರಿಸಲು ಜಾಗವೇ ಇಲ್ಲ. ಮಾಸ್ಟ್ರು ತುಟಿ ಬಿಗಿ ಹಿಡಿದು ಹೇಗೋ ಏರಿಸಿಕೊಳ್ಳುತ್ತಿದ್ದರು. ಮೂರನೇ ಹಾಡಿಗೆ ತುಟಿ ಸೋಲುತ್ತಿತ್ತು.

ಇನ್ನೊಂದು ತೊಡಕು ತಾರೀಖು. ಅದು ಬೇಸಿಗೆ ಬರುವವರೆಗೆ ಯಾರ ಗಮನಕ್ಕೂ ಬರಲಿಲ್ಲ.

ಮಾಡಿನೋಡಿದ್ದು

ಮೊದಲು ಗಿಟಾರ್ ತಂದರು. ಹೊಸ ಹುಡುಗ, ಒಳ್ಳೆಯ ಕೈ. ಇಲ್ಲಿ ಶ್ರುತಿಯ ಇನ್ನೊಂದು ಸೂಕ್ಷ್ಮ ಹೇಳಬೇಕು. ನಮ್ಮ ಗಾಯಕಿ ಹಾಡುವುದು ಕಪ್ಪು ಐದಕ್ಕೆ, ಅಂದರೆ ಬಿ ಫ್ಲ್ಯಾಟ್. ಮದುವೆ ಬ್ಯಾಂಡ್‌ಗಳಲ್ಲಿ ಬಳಸುವ ಕ್ಲಾರಿಯೋನೆಟ್ ಕೂಡ ಬಿ ಫ್ಲ್ಯಾಟ್ ವಾದ್ಯವೇ. ಅದರ ಸಿ ಹಿಡಿದರೆ ಕೇಳುವುದು ಬಿ ಫ್ಲ್ಯಾಟ್. ಹಾಗಾಗಿ ಗಾಯಕಿಯ ಷಡ್ಜವೇ ಮಾಸ್ಟ್ರ ಬೆರಳಿಗೆ ಅತಿ ಸಲೀಸಾದ ಜಾಗ. ಇದು ಅದೃಷ್ಟ. ಗಿಟಾರ್‌ನವನಿಗೆ ಇ, ಎ ಸಲೀಸು. ಎಲ್ಲರೂ ಇ ಗೆ ಬನ್ನಿ ಅಂದ. ಇ ಗೆ ಹೋದರೆ ಮಾಸ್ಟ್ರು ಆರು ಶಾರ್ಪ್ ಇಟ್ಟುಕೊಂಡು ನುಡಿಸಬೇಕು, ಹುಡುಗಿ ಒಂದೋ ಕಿರುಚಬೇಕು ಇಲ್ಲಾ ಗೊಣಗಬೇಕು. ಕೊನೆಗೆ ಅವನೇ ಮೊದಲ ಮನೆಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಎ ಹಿಡಿತದಲ್ಲಿ ಬಿ ಫ್ಲ್ಯಾಟ್ ನುಡಿಸಿದ. ಸ್ವರ ಕೂಡಿತು.

ಆದರೂ ಕೂಡಲಿಲ್ಲ. ಹಾರ್ಮೋನಿಯಂ ಮತ್ತು ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವುದು) ಹಾಕಿದ ಗಿಟಾರ್ ಎರಡೂ ಕೂರುವುದು ನಡುವಿನ ಅದೇ ಜಾಗದಲ್ಲಿ. ಇವನು ವಾಲ್ಯೂಮ್ ಏರಿಸಿದ, ಅವನೂ ಏರಿಸಿದ. ನಡುವೆ ಕ್ಲಾರಿಯೋನೆಟ್ ಕಾಣೆ. ಮಾಸ್ಟ್ರು ಒಂದು ದಿನ ಹಾಡಿನ ಮಧ್ಯೆ ನುಡಿಸುವುದನ್ನೇ ನಿಲ್ಲಿಸಿದರು, ಯಾರಿಗೂ ಗೊತ್ತಾಗಲಿಲ್ಲ. ಹಾಡು ಮುಗಿದ ಮೇಲೆ ಅವರೇ ಹೇಳಿದರು. ಅದೇ ವಾರ ಗಿಟಾರ್ ಹುಡುಗನಿಗೆ ಕೈಮುಗಿದು ಕಳಿಸಿದರು. ಜಗಳ ಏನಿಲ್ಲ, ಅವನಿಗೂ ಬೇಜಾರಾಗಿತ್ತು.

ಆಮೇಲೆ ಕೀಬೋರ್ಡ್. ಹಾರ್ಮೋನಿಯಂ ಸದ್ದನ್ನೇ ಕೀಬೋರ್ಡ್‌ನಲ್ಲಿ ಹಾಕಿಕೊಂಡರೆ ಶ್ರುತಿ 440ಕ್ಕೆ ಸರಿ, ತೂಕ ಕಡಿಮೆ, ವೈರ್ ನೇರ ಮಿಕ್ಸರ್‌ಗೆ, ಫೀಡ್‌ಬ್ಯಾಕ್ ಇಲ್ಲ. ನಿಜ ಹೇಳಬೇಕೆಂದರೆ ಈ ಸಲಹೆ ನನ್ನದೇ, ನನ್ನ ಅನುಕೂಲಕ್ಕೆ. ಕೇಳಿದರೆ ಸಪ್ಪೆ. ಯಾಕೆ ಅಂತ ಪೆಟ್ಟಿಗೆ ಹುಡುಗನ ಕಾಲು ನೋಡಿದಾಗ ಹೊಳೆಯಿತು. ಅವನು ತಿದಿಯನ್ನು ತಾಳಕ್ಕೆ ಸರಿಯಾಗಿ ಒತ್ತುತ್ತಾನೆ. ಬೆರಳು ಮನೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಸದ್ದು ಮಾತ್ರ ಗಾಳಿಯ ಜೊತೆ ಉಬ್ಬುತ್ತದೆ, ಇಳಿಯುತ್ತದೆ. ಆ ಕಾಲಿನ ಕೆಲಸವೇ ಹಾಡಿನ ರಿಫ್. ಕೀಬೋರ್ಡ್‌ಗೆ ಕಾಲಿಲ್ಲ.

ಮೂರನೆಯದು, ಕ್ಲಾರಿಯೋನೆಟ್‌ಗೆ ಗಿಡ್ಡ ಬ್ಯಾರೆಲ್. ಬಾಯಿ ತುಂಡಿನ ಕೆಳಗಿನ ಆ ಭಾಗ ಗಿಡ್ಡ ಇದ್ದಷ್ಟೂ ಶ್ರುತಿ ಏರುತ್ತದೆ. ತರಿಸಿ ಹಾಕಿದರು. ಏರಿತು, ಆದರೆ ಎಲ್ಲಾ ಸ್ವರ ಒಂದೇ ಸಮ ಏರಲಿಲ್ಲ. ಮೇಲಿನ ತೂತುಗಳವರೆಗೂ ತೆರೆದು ನುಡಿಸುವ ಸ್ವರಗಳಿಗೆ ಕೊಳವೆ ಗಿಡ್ಡ, ಅಲ್ಲಿ ಒಂದೆರಡು ಮಿಲಿಮೀಟರ್ ಕೂಡ ಜೋರಾಗಿ ಕಾಣುತ್ತದೆ. ಎಲ್ಲಾ ತೂತು ಮುಚ್ಚಿದ ಸ್ವರಗಳಿಗೆ ಅದೇ ಅಳತೆ ಲೆಕ್ಕಕ್ಕಿಲ್ಲ. ಮೊದಲು ಇಡೀ ವಾದ್ಯ ಒಂದೇ ಥರ ತಪ್ಪಿತ್ತು. ಈಗ ಒಂದೊಂದು ಸ್ವರ ಒಂದೊಂದು ಥರ ತಪ್ಪಿತು.

ಗಣಪತಿ ರಾತ್ರಿ

ಬ್ಯಾರೆಲ್ ಹಾಕಿಕೊಂಡೇ ಮರುವರ್ಷದ ಒಂದು ಗಣಪತಿ ಕಾರ್ಯಕ್ರಮ ಒಪ್ಪಿಕೊಂಡರು. ಸೌಂಡ್ ಅಲ್ಲಿಯವರದ್ದೇ, ನನಗೆ ಮಿಕ್ಸರ್ ಮುಟ್ಟಲು ಬಿಡಲಿಲ್ಲ. ಸೌಂಡ್ ಚೆಕ್ ಇಲ್ಲ. ಭಾಷಣಗಳು ಎಳೆದವು. ಇವರು ವೇದಿಕೆ ಹತ್ತಿದಾಗ 9 ಗಂಟೆ 40 ನಿಮಿಷ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್. ವಿಶೇಷ ಅನುಮತಿಯೂ ಇರಲಿಲ್ಲ.

ಆಪರೇಟರ್ ಪಾಪ ಶಹನಾಯಿಗೆ ಇಡುವ ಹಾಗೆ ಕ್ಲಾರಿಯೋನೆಟ್‌ನ ಕೆಳತುದಿಯ ಅಗಲ ಬಾಯಿಗೆ ಮೈಕ್ ಇಟ್ಟ. ಕ್ಲಾರಿಯೋನೆಟ್ ಸದ್ದು ಬರುವುದು ಹೆಚ್ಚಾಗಿ ತೆರೆದ ತೂತುಗಳಿಂದ. ಬಾಯಿಂದ ಪೂರ್ತಿ ಬರುವುದು ತೀರಾ ಕೆಳಗಿನ ಸ್ವರ ಮಾತ್ರ. ಹಾಗಾಗಿ ಮಾಸ್ಟ್ರು ಕೆಳಗೆ ಇಳಿದಾಗ ಢಂ ಅಂತ ಕೇಳುತ್ತಿತ್ತು, ಮೇಲೆ ಹೋದಾಗ ಮಾಯ. ಹಾರ್ಮೋನಿಯಂ ಒಳಗೆ ಅಂಟಿಸಿದ್ದ ಪಿಕಪ್ ಹಿಡಿದ ಸದ್ದು ಡಿಸ್ಟಾರ್ಷನ್ ಪೆಡಲ್ ಮೂಲಕ ಮಾನಿಟರ್‌ಗೆ, ಅಂದರೆ ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್‌ಗೆ, ಹೋಯಿತು. ಕಟ್ಟಿಗೆ ಪೆಟ್ಟಿಗೆ ಮಾನಿಟರ್ ಸದ್ದಿಗೆ ತಾನೂ ನಡುಗಿತು, ಮತ್ತೆ ಅದೇ ಸದ್ದು ಪಿಕಪ್‌ಗೆ. ಊಳಿಡುವ ಫೀಡ್‌ಬ್ಯಾಕ್. ಮುಂದಿನ ಸಾಲಿನಲ್ಲಿ ಮಕ್ಕಳು ಕಿವಿ ಮುಚ್ಚಿಕೊಂಡರು. ಒಂದೂವರೆ ಹಾಡಿಗೆ ಹತ್ತು ಗಂಟೆ. ಕರೆಂಟ್ ತೆಗೆದರು.

ಮಾರನೇ ದಿನ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತ ಮೀಟಿಂಗ್ ಈ ಪ್ರಕರಣದ ತಿರುವು. ಡ್ರಮ್ಸ್ ಹುಡುಗ ಆ ಆಪರೇಟರ್‌ನನ್ನು ಬೈಯುತ್ತಿದ್ದ. ಮಾಸ್ಟ್ರು ತಡೆದರು. "ಅವನಿಗೆ ಹೇಳಿದ್ರಾ ಯಾರಾದ್ರೂ? ನನ್ನ ವಾದ್ಯದ ಸದ್ದು ಎಲ್ಲಿಂದ ಬರ್ತತಿ ಅಂತ ನಿಮಗೇ ಗೊತ್ತಿಲ್ಲ, ಅವನಿಗೆ ಹೆಂಗೆ ಗೊತ್ತಾಗ್ಬೇಕು?" ಆಮೇಲೆ ಇನ್ನೂ ಗಟ್ಟಿ ಮಾತು ಬಂತು. ಆ ಬೇಸಿಗೆಯಲ್ಲಿ ಅವರು ಅರ್ಧಕ್ಕರ್ಧ ಅಭ್ಯಾಸ ತಪ್ಪಿಸಿದ್ದರು, ಎರಡು ಕಾರ್ಯಕ್ರಮ ಕೈಬಿಟ್ಟಿತ್ತು. ಹುಡುಗರಿಗೆ ಸಿಟ್ಟಿತ್ತು. ಮಾಸ್ಟ್ರು ಹೇಳಿದರು: "ಮುಹೂರ್ತದ ದಿನ ನಾನು ಬರಲ್ಲ. ಅದು ನನ್ನ ಅನ್ನ. ನೀವು ದಿನ ಬದಲಾಯ್ಸಿ, ಇಲ್ಲಾ ನನ್ನ ಬಿಡ್ರಿ."

ಬಿಡುವುದಾಗಿದ್ದರೆ ಆವತ್ತೇ ಬಿಡಬಹುದಿತ್ತು. ಕ್ಲಾರಿಯೋನೆಟ್ ತೆಗೆದರೆ ಶ್ರುತಿಯ ಗೋಳೂ ಇರುತ್ತಿರಲಿಲ್ಲ. ಗಾಯಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಚಾಂಗ ತರ್ಸೋಣ" ಅಂದಳು.

ದಿನ, ದುಡ್ಡು

ಗೋಡೆ ಮೇಲೆ ಒಂದು ಕ್ಯಾಲೆಂಡರ್ ಹಾಕಿ ಮೂರು ಬಣ್ಣದಲ್ಲಿ ಗುರುತು ಮಾಡಿದರು. ಮಾಸ್ಟ್ರದ್ದು ಕೆಂಪು: ಮದುವೆ ಮುಹೂರ್ತಗಳು. ಉರುಮೆ ಅಣ್ಣನದ್ದು ಹಸಿರು: ಅವನೂರಿನ ದೇವರ ಕಾರ್ಯ, ಮಾರ್ಚ್ ಹೊತ್ತಿನ ನಾಯಕನಹಟ್ಟಿ ಜಾತ್ರೆ. ಜೊತೆಗೆ ಇಲ್ಲಿಯ ದುಗ್ಗಮ್ಮನ ಜಾತ್ರೆ, ಅದು ಎರಡು ವರ್ಷಕ್ಕೊಮ್ಮೆ. ಆಗ ಅವನ ಆಟೋಗೆ ಬಿಡುವೇ ಇರುವುದಿಲ್ಲ. ಹುಡುಗರದ್ದು ನೀಲಿ: ಸೆಮಿಸ್ಟರ್ ಪರೀಕ್ಷೆ. ಬಿಳಿ ಉಳಿದದ್ದು ಆಷಾಢ, ಪಿತೃಪಕ್ಷ, ಧನುರ್ಮಾಸದ ಮೊದಲ ಭಾಗ. ಎಲ್ಲರೂ ಶುಭ ಅಲ್ಲ ಅಂತ ಬಿಡುವ ದಿನಗಳೇ ಇವರಿಗೆ ಸಿಕ್ಕ ದಿನಗಳು. ರೆಕಾರ್ಡಿಂಗ್ ಆಷಾಢಕ್ಕೆ, ಕಾರ್ಯಕ್ರಮ ಡಿಸೆಂಬರ್ ಉತ್ತರಾರ್ಧಕ್ಕೆ ಅಂತ ತೀರ್ಮಾನ ಆಯಿತು. ಉಳಿದ ಸಮಯ ಸಿಕ್ಕಿದ್ದು ಲಾಭ.

ದುಡ್ಡಿನ ಮಾತು ಇಷ್ಟು ಸಲೀಸಾಗಿರಲಿಲ್ಲ. ಅದುವರೆಗೆ ಸಮಪಾಲು. ಕೇಳಲು ಚೆನ್ನ. ಹತ್ತು ಸಾವಿರ ಬಂತು ಅನ್ನಿ. ಗಾಡಿ, ಊಟ ಅಂತ ನಾಲ್ಕು ಸಾವಿರ ತೆಗೆದರೆ ತಲೆಗೆ 1200 ರೂಪಾಯಿ. ವಿದ್ಯಾರ್ಥಿಗೆ ಅದು ಪಾಕೆಟ್ ಮನಿ. ಮಾಸ್ಟ್ರಿಗೆ ಒಂದು ದಿನದ ದುಡಿಮೆ, ಉರುಮೆ ಅಣ್ಣನಿಗೆ ಆಟೋ ನಿಲ್ಲಿಸಿದ ದಿನ. ಒಂದೇ ಮೊತ್ತ, ಆದರೆ ಕಳೆದುಕೊಂಡದ್ದು ಒಂದೇ ಅಲ್ಲ.

ಗಾಯಕಿ ಇಟ್ಟ ಪ್ರಸ್ತಾಪ ಹೀಗಿತ್ತು. ಗಾಡಿ ಖರ್ಚು ಕಳೆದ ಮೇಲೆ ಮೊದಲು ಈ ಇಬ್ಬರ ದಿನದ ದುಡಿಮೆ. ಅಭ್ಯಾಸದ ದಿನಕ್ಕೂ ಅದರ ಅರ್ಧ. ಉಳಿದರೆ ಮೂವರು ಹಂಚಿಕೊಳ್ಳುವುದು, ಉಳಿಯದಿದ್ದರೆ ಇಲ್ಲ. ಡ್ರಮ್ಸ್ ಹುಡುಗ ಒಪ್ಪಲಿಲ್ಲ. ದುಡ್ಡಿನ ಆಸೆಗಲ್ಲ. "ಹಂಗಾದ್ರೆ ಅವ್ರು ಬಾಡಿಗೆಗೆ ಬಂದೋರಾ? ತಂಡದೋರಲ್ವಾ?" ಅಂದ. ನನಗೆ ಈ ಪ್ರಶ್ನೆ ಬಹಳ ಸರಿ ಅನ್ನಿಸಿತು. ಕೂಲಿ ಕೊಟ್ಟರೆ ಹಾಡಿನ ಮೇಲೆ ಅವರಿಗೆ ಹಕ್ಕಿಲ್ಲ ಅಂತ ಮುಂದೆ ಯಾರಾದರೂ ಹೇಳಬಹುದು. ಎಷ್ಟೋ ತಂಡಗಳಲ್ಲಿ ಹಳ್ಳಿಯ ಕಲಾವಿದರಿಗೆ ಆದದ್ದು ಇದೇ: ಒಂದು ದಿನದ ದುಡ್ಡು, ಒಂದು ಶಾಲು, ಹಾಡು ಬೇರೆಯವರ ಹೆಸರಿನಲ್ಲಿ.

ಹಾಗಾಗಿ ಎರಡನ್ನೂ ಬೇರೆ ಮಾಡಿದರು. ದಿನದ ದುಡಿಮೆ ಒಂದು ಲೆಕ್ಕ, ಹಾಡಿನ ಪಾಲು ಇನ್ನೊಂದು ಲೆಕ್ಕ. ಪ್ರತಿ ಹಾಡಿನ ಸಂಗೀತ ಐವರ ಹೆಸರಿನಲ್ಲಿ, ಸಮಪಾಲು. ಸಾಹಿತ್ಯ ಬರೆದವರದ್ದು ಪ್ರತ್ಯೇಕ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ನಂತರ ಸಾಹಿತ್ಯ, ಸಂಗೀತ ರಚಿಸಿದವರ ರಾಯಧನದ ಹಕ್ಕು ಕಾನೂನಿನಲ್ಲಿ ಗಟ್ಟಿಯಾಗಿದೆ. ಆದರೆ ರಚಿಸಿದವರು ಯಾರು ಅಂತ ಬರೆದಿಡುವ ಕೆಲಸ ನಾವೇ ಮಾಡಬೇಕು. ರಚಿಸಿದವರ ಪರವಾಗಿ ರಾಯಧನ ವಸೂಲಿ ಮಾಡುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಹಾಡು ಸೇರಿಸುವಾಗ ಯಾರ ಪಾಲು ಎಷ್ಟು ಅಂತ ಹಾಕಬೇಕಾಗುತ್ತದೆ. ಹಾಡು ಓಡಿದ ಮೇಲೆ ಈ ಮಾತು ಎತ್ತಿದರೆ ಸ್ನೇಹ ಉಳಿಯುವುದಿಲ್ಲ. ಇವರು ಹಾಡಿಗೆ ಬೆಲೆ ಇಲ್ಲದಾಗಲೇ ಬರೆದುಕೊಂಡರು, ಆದ್ದರಿಂದ ಯಾರಿಗೂ ನೋವಾಗಲಿಲ್ಲ.

ರೀಡು

ಶ್ರುತಿಗೆ ಉಳಿದದ್ದು ಒಂದೇ ದಾರಿ: ಹಾರ್ಮೋನಿಯಮ್ಮನ್ನೇ ಇಳಿಸುವುದು. ಮೂರೂವರೆ ಸಪ್ತಕ, 42 ಮನೆ, ಎರಡು ಸಾಲು ರೀಡ್, ಒಟ್ಟು 84 ಹಿತ್ತಾಳೆ ನಾಲಿಗೆಗಳು. ತುದಿ ಕೆರೆದರೆ ಹಗುರಾಗಿ ಸ್ವರ ಏರುತ್ತದೆ. ಬುಡ ಕೆರೆದರೆ ಬಿಗಿ ಸಡಿಲವಾಗಿ ಇಳಿಯುತ್ತದೆ. ರಿಪೇರಿಯ ಹಿರಿಯರು ಮೊದಲು ಒಪ್ಪಲೇ ಇಲ್ಲ. "ಕೆರೆದ ಹಿತ್ತಾಳೆ ವಾಪಸ್ ಅಂಟಲ್ಲ ತಮ್ಮಾ. ಅಜ್ಜನ ಶ್ರುತಿ ಇದು, ಯೋಚ್ನೆ ಮಾಡು" ಅಂದರು. ಪೆಟ್ಟಿಗೆ ಹುಡುಗ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದ. ಕಂಪನಿ ಕಾಲದಲ್ಲಿ ಅಜ್ಜ ಆ ಪೆಟ್ಟಿಗೆಯನ್ನು ಅದೆಷ್ಟು ಸಲ ಕೆರೆಸಿದ್ದರೋ ಲೆಕ್ಕವೇ ಇಲ್ಲ ಅಂತ ಅಜ್ಜಿ ಅಂದರಂತೆ. ಪಾತ್ರಧಾರಿ ಬದಲಾದರೆ ಪೆಟ್ಟಿಗೆಯೂ ಬದಲಾಗುತ್ತಿತ್ತು. ಅಲ್ಲಿಗೆ ಅನುಮಾನ ಹೋಯಿತು.

442ಕ್ಕೆ ಇಳಿಸಿದರು. 440 ಬೇಡ ಅಂದದ್ದು ಮಾಸ್ಟ್ರು. ದಾವಣಗೆರೆ ಬಿಸಿಲಲ್ಲಿ ಬಯಲಿಗೆ ನಿಂತರೆ ಕ್ಲಾರಿಯೋನೆಟ್ ತಾನೇ ಒಂದಿಷ್ಟು ಏರುತ್ತದೆ ಅನ್ನುವುದು ಅವರ ಅನುಭವ. ಅದು ನಿಜವೂ ಹೌದು. ಗಾಳಿ ಬಿಸಿಯಾದರೆ ಅದರಲ್ಲಿ ಸದ್ದಿನ ವೇಗ ಹೆಚ್ಚುತ್ತದೆ, ಊದುವ ವಾದ್ಯದ ಶ್ರುತಿ ಏರುತ್ತದೆ. ಹಾರ್ಮೋನಿಯಂನ ರೀಡ್‌ಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಡಿಸ್ಟಾರ್ಷನ್ ವಿಷಯದಲ್ಲೂ ಒಂದು ಸಣ್ಣ ನಿಯಮ ಮಾಡಿಕೊಂಡರು. ಪೆಡಲ್ ಒತ್ತಿದಾಗ ಷಡ್ಜ, ಪಂಚಮ ಬಿಟ್ಟು ಮೂರನೆಯ ಸ್ವರ ಹಿಡಿಯುವಂತಿಲ್ಲ. ಷಡ್ಜ ಪಂಚಮದ ಕಂಪನ ಎರಡಕ್ಕೆ ಮೂರರ ಲೆಕ್ಕದಲ್ಲಿ ಇರುವುದರಿಂದ ಎಷ್ಟು ಹಿಂಡಿದರೂ ಶುದ್ಧವಾಗಿ ಕೇಳುತ್ತದೆ. ನಡುವೆ ಗಾಂಧಾರ ಸೇರಿದರೆ ಕೆಸರು. ರಾಕ್ ಗಿಟಾರ್‌ನವರು ಪವರ್ ಕಾರ್ಡ್ ಅನ್ನುವುದೂ ಇದನ್ನೇ. ನಮ್ಮ ತಂಬೂರಿಗೆ ಹೊಸದೇನಲ್ಲ.

ಇನ್ನು ಸೌಂಡ್‌ನವರಿಗೆ ಕೊಡಲು ನಾನು ಒಂದು ಪುಟದ ಚೀಟಿ ಬರೆದೆ, ಫೋಟೋ ಸಮೇತ. ಕ್ಲಾರಿಯೋನೆಟ್‌ಗೆ ನಡುಭಾಗದ ತೂತುಗಳಿಗೆ ಎದುರಾಗಿ ಒಂದು ಗೇಣು ದೂರ ಮೈಕ್. ಉರುಮೆಗೆ ಉಜ್ಜುವ ಮುಖಕ್ಕೆ ಮೈಕ್ ಹತ್ತಿರ, ಬಡಿಯುವ ಮುಖಕ್ಕೆ ದೂರ. ಹಾರ್ಮೋನಿಯಂ ಮಾನಿಟರ್‌ಗೆ ಬೇಡವೇ ಬೇಡ. ವೇದಿಕೆಗೆ ಹೋದ ತಕ್ಷಣ ಮೊದಲು ಆಪರೇಟರ್ ಹತ್ತಿರ ಹೋಗಿ ಟೀ ಕುಡಿಸಿ ಈ ಚೀಟಿ ಕೊಡುವುದು ಉರುಮೆ ಅಣ್ಣನ ಕೆಲಸ. ಅವನು ಮಾತಾಡಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ದೇವರ ಬಡಿತ

ರೆಕಾರ್ಡಿಂಗ್ ಹತ್ತಿರ ಬಂದಾಗ ಇನ್ನೊಂದು ತಡೆ ಎದುರಾಯಿತು. ಒಂದು ಹಾಡು ಪೂರ್ತಿ ಉರುಮೆ ಅಣ್ಣನ ಒಂದು ಬಡಿತದ ಮೇಲೆ ನಿಂತಿತ್ತು. ಅಭ್ಯಾಸದ ಬಿಡುವಲ್ಲಿ ಅವನು ಸುಮ್ನೆ ಬಾರಿಸುತ್ತಿದ್ದದ್ದು. ಡ್ರಮ್ಸ್ ಹುಡುಗ ಅದಕ್ಕೆ ಕಿಕ್ ಜೋಡಿಸಿದ, ಹುಡುಗಿ ಹಾಡು ಕಟ್ಟಿದಳು. ಎಲ್ಲರಿಗೂ ಅದೇ ಅತಿ ಇಷ್ಟದ ಹಾಡು. ಮೈಕ್ ಇಟ್ಟ ಮೇಲೆ ಅವನು ಕೋಲು ಕೆಳಗಿಟ್ಟ. "ಇದು ದೇವ್ರು ಹೊರಡುವಾಗಿನ ಬಡಿತ. ಇಲ್ಲಿ ಬಾರಿಸ್ಬೋದು, ಮನೆ ಇದ್ದಂಗೆ. ಊರಿಗೆಲ್ಲ ಕೇಳ್ಸಕ್ಕಲ್ಲ" ಅಂದ. ಒಂದು ಏಟು ಆಚೀಚೆ ಮಾಡಿದರೆ ಆಗುತ್ತಾ ಅಂತ ಡ್ರಮ್ಸ್ ಹುಡುಗ ಕೇಳಿದ. "ಒಂದು ಏಟು ಬದಲಾಯ್ಸಿದ್ರೆ ದೇವ್ರಿಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

ನಕ್ಕರು, ಆದರೆ ಹಾಡು ಬಿಟ್ಟರು. ಅಲ್ಲೇ ವಾದ ಮಾಡಬಹುದಿತ್ತು. ಯಾರೂ ಮಾಡಲಿಲ್ಲ. ಅದೇ ಸಾಹಿತ್ಯಕ್ಕೆ ಏಳು ಮಾತ್ರೆಯ ಹೊಸ ನಡೆ ಕಟ್ಟಿದರು. ಬಡಿತ ಕಡಿಮೆ, ಉಜ್ಜುವ ಗುರ್ರ್ ಜಾಸ್ತಿ. ಕೇಳಿದವರು ಮೆಚ್ಚುತ್ತಾರೆ. ನನ್ನನ್ನು ಕೇಳಿದರೆ ಹಳೆಯದೇ ಚೆನ್ನಾಗಿತ್ತು. ಆದರೆ ಆ ದಿನದ ನಂತರ ಉರುಮೆ ಅಣ್ಣ ಅಭ್ಯಾಸಕ್ಕೆ ತಡವಾಗಿ ಬಂದದ್ದು ನಾನು ನೋಡಿಲ್ಲ. ತಾನಾಗಿ ಹೊಸ ನಡೆಗಳನ್ನು ತರತೊಡಗಿದ, ಯಾವುದು ತರಬಹುದು ಯಾವುದು ಬೇಡ ಅಂತ ಅವನೇ ಆರಿಸಿ.

ಆದದ್ದು

ಧನುರ್ಮಾಸದಲ್ಲಿ ಚಿತ್ರದುರ್ಗದ ಬಯಲು ಕಾರ್ಯಕ್ರಮ. ಶ್ರುತಿ ಸರಿ, ಚೀಟಿ ಸರಿ, ಆಪರೇಟರ್ ಒಳ್ಳೆಯವನು. ಚಳಿಯನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಬಿಸಿಲಲ್ಲಿ ಏರುತ್ತಿದ್ದ ಕ್ಲಾರಿಯೋನೆಟ್ ಈಗ ಇಳಿದು ಕೂತಿತು. ಮೈಕ್‌ಗಳಲ್ಲಿ ಗಾಳಿಯ ಗೊರಗೊರ. ಮಾಸ್ಟ್ರು ಅಲ್ಲೇ ಉಪಾಯ ಮಾಡಿದರು. ಮೊದಲ ಹಾಡಿನಲ್ಲಿ ಕ್ಲಾರಿಯೋನೆಟ್ ಕೆಲಸ ಕೊನೆಗೆ ಮಾತ್ರ. ಅಲ್ಲಿಯವರೆಗೆ ವಾದ್ಯವನ್ನು ಶಾಲಿನೊಳಗೆ ಇಟ್ಟುಕೊಂಡು ಸದ್ದಿಲ್ಲದೆ ಬಿಸಿ ಉಸಿರು ಊದುತ್ತಾ ನಿಂತರು. ಅವರ ಸರದಿ ಬರುವಷ್ಟರಲ್ಲಿ ಶ್ರುತಿ ಏರಿತ್ತು. ಈಗ ಹಾಡುಗಳ ಕ್ರಮ ಬರೆಯುವಾಗಲೇ ಚಳಿಗೊಂದು ಪಟ್ಟಿ, ಬಿಸಿಲಿಗೊಂದು ಪಟ್ಟಿ. ಮೈಕ್‌ಗಳಿಗೆ ಸ್ಪಂಜಿನ ಟೋಪಿ ನನ್ನ ಚೀಲದಲ್ಲಿ ಕಾಯಂ.

ಆಷಾಢದಲ್ಲಿ ಅದೇ ಶೆಡ್‌ನಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದೆವು. ತಗಡಿನ ಮೇಲೆ ಮಳೆ ಬಿದ್ದರೆ ಕೆಲಸ ಬಂದ್. ಗೋಡೆಗೆ ಹೊಟ್ಟು ತುಂಬಿದ ಗೋಣಿಚೀಲ ಒರಗಿಸಿ ಪ್ರತಿಧ್ವನಿ ಇಳಿಸಿದೆವು. ಮೇಲಿನ ಸದ್ದು ಚೆನ್ನಾಗಿ ಹೀರಿತು, ಬೇಸ್‌ಗೆ ಏನೂ ಆಗಲಿಲ್ಲ. ಬೇಸ್ ನೇರ ವೈರ್‌ನಲ್ಲಿ ತೆಗೆದುಕೊಂಡೆ. ಹಾಡು ಹಾಕಿದ ಮೇಲೆ ಸಿಕ್ಕ ಹಣದ ಬಗ್ಗೆ ಬರೆಯುವಂಥದ್ದು ಕಡಿಮೆ. 2024ರಿಂದ ಸ್ಪಾಟಿಫೈ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸದ ಹಾಡಿಗೆ ದುಡ್ಡೇ ಕೊಡುವುದಿಲ್ಲ. ನಾಲ್ಕರಲ್ಲಿ ಒಂದು ಹಾಡು ಆ ಗೆರೆ ದಾಟಿದೆ. ಏಳು ಮಾತ್ರೆಯದ್ದೇ.

ಕಾರ್ಯಕ್ರಮಗಳು ಹೆಚ್ಚಿವೆ, ಆದರೆ ತುಂಬಾ ಅಲ್ಲ. ಬೆಂಗಳೂರಿಗೂ ಹೋಗಿಬಂದರು. ಜನ ಕೂಗಿದರು, ಚಪ್ಪಾಳೆ ಹೊಡೆದರು. 260 ಕಿಲೋಮೀಟರ್ ಹಾರ್ಮೋನಿಯಂ, ಡ್ರಮ್ಸ್, ಐದು ಜನ ಹೊತ್ತ ಗಾಡಿಯ ಬಾಡಿಗೆ, ಇಬ್ಬರ ದಿನದ ದುಡಿಮೆ ಕಳೆದರೆ ಮೂವರ ಕೈಗೆ ಬಂದದ್ದು ಸೊನ್ನೆಗಿಂತ ಕಡಿಮೆ. ಹೋಗಿಬರುವ ಖರ್ಚು ಕೊಡದವರಿಗೆ ಈಗ ಇಲ್ಲ ಅನ್ನುತ್ತಾರೆ. ಗಿಟಾರ್ ಎಲ್ಲಿ ಅಂತ ಕೇಳುವವರು ಈಗ ಅಪರೂಪ. ಶ್ರುತಿ ಕೂಡಿದ ಮೇಲೆ ಆ ಪ್ರಶ್ನೆ ತಾನಾಗಿಯೇ ಕಡಿಮೆಯಾಯಿತು, ನಾವು ಯಾರಿಗೂ ಏನೂ ವಿವರಿಸಲಿಲ್ಲ.

ಬೇರೆ ತಂಡಗಳವರು ನನ್ನನ್ನು ಕೇಳುತ್ತಾರೆ, ನಾವೂ ಒಂದು ಡೊಳ್ಳು ಸೇರಿಸಿಕೊಳ್ಳಲಾ, ಚೌಡಿಕೆ ಸೇರಿಸಲಾ ಅಂತ. ಸೇರಿಸಿ. ಆದರೆ ಆ ವಾದ್ಯ ಬಂದರೆ ಅದರ ಶ್ರುತಿ, ಅದರ ಹವಾಮಾನ, ನುಡಿಸುವವರ ಹೊಟ್ಟೆಪಾಡು, ಅವರ ದೇವರು ಎಲ್ಲವೂ ಒಟ್ಟಿಗೇ ಬರುತ್ತವೆ. ಹಾಡಿನ ನಡುವೆ ಎಂಟು ಮಾತ್ರೆಯ ಅಲಂಕಾರಕ್ಕೆ ಬೇಕಿದ್ದರೆ ಕೀಬೋರ್ಡ್‌ನಲ್ಲೇ ಸಿಗುತ್ತದೆ, ಯಾರಿಗೂ ತೊಂದರೆ ಇಲ್ಲ.

ಇತ್ತೀಚೆಗೆ ಒಂದು ದೊಡ್ಡ ಕಾರ್ಯಕ್ರಮದವರು ಕರೆದರು. ದುಡ್ಡು ಚೆನ್ನಾಗಿತ್ತು. ಒಂದೇ ಷರತ್ತು: ಎಲ್ಲರೂ ಪಂಚೆ ಉಟ್ಟು ಪೇಟ ಕಟ್ಟಿಕೊಂಡು ಬರಬೇಕು, ಹಳ್ಳಿ ಕಳೆ ಇರಬೇಕು. ಗಾಯಕಿ ಆಗಲ್ಲ ಅಂದಳು, ಪೆಟ್ಟಿಗೆ ಹುಡುಗನೂ ಆಗಲ್ಲ ಅಂದ. ಬಿಟ್ಟರು. ಇದರ ಬಗ್ಗೆ ತಂಡದಲ್ಲಿ ಇನ್ನೂ ಒಮ್ಮತ ಇಲ್ಲ. ಮಾಸ್ಟ್ರಂತೂ ಹೋಗಬೇಕಿತ್ತು ಅನ್ನುತ್ತಾರೆ. ಮದುವೆ ಸೀಸನ್ ಪೂರ್ತಿ ಬಿಸಿಲಲ್ಲಿ ಕೆಂಪು ಕೋಟು, ಜರಿ ಟೋಪಿ ಹಾಕ್ಕೊಂಡೇ ನುಡಿಸ್ತೀನಿ, ಒಂದು ದಿನ ಪೇಟ ಕಟ್ಟಿದ್ರೆ ಏನಾಗ್ತಿತ್ತು ಅಂತ ಅವರ ವಾದ. ಅವರ ದಿನದ ದುಡಿಮೆಯ ಎರಡರಷ್ಟು ಅವತ್ತು ಬರುತ್ತಿತ್ತು.